ಹಿಂದಕ್ಕೆ ಕೊಟ್ಟ ಚೆಂಡು

ನಮ್ಮ ಭಾವನಿಗೆ ಎಂದೂ ಮೈಕು ಬೇಕಾಗಿರಲಿಲ್ಲ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಎತ್ತರದ ತಗಡಿನ ಸೂರಿನಡಿ ಲಾರಿಗಳು ಹಿಮ್ಮುಖವಾಗಿ ಬರುವ ಸದ್ದು, ಕೈಗಾಡಿಗಳ ಗಡಗಡ, ಮೂಟೆ ಇಳಿಸುವವರ ಬೈಗುಳ, ಇಷ್ಟರ ಮೇಲೂ ಅವರ ದನಿ ಎದ್ದು ನಿಲ್ಲುತ್ತಿತ್ತು. ಕೋಸಿನ ಮೂಟೆಯ ಮೇಲೆ ಒಂದು ಕಾಲಿಟ್ಟು ಅವರು ಕೂಗಿದರೆಂದರೆ ಆಚೆ ತುದಿಯಲ್ಲಿ ಚಹಾ ಕುಡಿಯುತ್ತಿದ್ದವನೂ ಲೋಟ ಕೆಳಗಿಟ್ಟು ಬರುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವರು ಅಡುಗೆಮನೆಯಲ್ಲಿ ಏನಾದರೂ ಕೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು ಎಂದು ಅಕ್ಕ ಹೇಳುತ್ತಿದ್ದಳು. ಅದರಲ್ಲಿ ಉತ್ಪ್ರೇಕ್ಷೆ ಹೆಚ್ಚೇನಿರಲಿಲ್ಲ. ನಾನು ಅದೇ ಮಾರುಕಟ್ಟೆಯಿಂದ ಅಂಗಡಿಗಳಿಗೆ ಮಾಲು ಸಾಗಿಸುವ ವ್ಯಾನ್ ಓಡಿಸುವವನು. ಬೆಳಗ್ಗೆ ಗೇಟಿನೊಳಗೆ ಬರುವಾಗಲೇ ಭಾವ ಯಾವ ಮೂಲೆಯಲ್ಲಿದ್ದಾರೆ ಎಂದು ಕಿವಿಯಲ್ಲೇ ತಿಳಿಯುತ್ತಿತ್ತು.

ಮಾರುಕಟ್ಟೆಯ ಹಿಂದಿನ ಗೋಡೆಗೆ ತಾಗಿಕೊಂಡು ಫುಟ್‌ಬಾಲ್ ಮೈದಾನ. ಅಲ್ಲಿ ಮೊದಲು ಗಂಡಸರ ತಂಡವೊಂದು ಆಡುತ್ತಿತ್ತು. ಅದು ಮುಚ್ಚಿಹೋದ ಮೇಲೆ ಹೆಂಗಸರ ತಂಡ ಉಳಿಯಿತು. ಭಾನುವಾರ ಮಧ್ಯಾಹ್ನ ವ್ಯಾಪಾರ ಮುಗಿಸಿದವರೆಲ್ಲ ಬೇರೆ ಕೆಲಸವಿಲ್ಲದೆ ಅಲ್ಲಿಗೇ ಹೋಗುತ್ತಿದ್ದರು, ಕ್ರಮೇಣ ಅದೇ ನಮ್ಮ ತಂಡವಾಯಿತು. ಸಿಮೆಂಟಿನ ಮೆಟ್ಟಿಲುಗಳೇ ಆಸನ. ಎಲ್ಲಕ್ಕಿಂತ ಕೆಳಗೆ ಕಬ್ಬಿಣದ ಕಂಬಿ. ಆ ಕಂಬಿಯ ನಟ್ಟನಡುವೆ ಭಾವನ ಜಾಗ. ಅವರು ಶುರು ಮಾಡಿದರೆ ಉಳಿದವರು ದನಿಗೂಡಿಸುತ್ತಿದ್ದರು.

ತಂಡದ ಕೋಚು ಒಬ್ಬ ಸಣಕಲು ಹೆಂಗಸು. ಸದಾ ಜಾಕೆಟ್ಟಿನ ಜೇಬಿನಲ್ಲಿ ಕೈ. ಆಕೆ ಬಂದ ಮೇಲೆ ಆಟದ ರೀತಿಯೇ ಬದಲಾಯಿತು. ಚೆಂಡು ನಮ್ಮ ಕಾಲಿನಲ್ಲಿರುವಷ್ಟು ಹೊತ್ತು ಎದುರಾಳಿ ಗೋಲು ಹೊಡೆಯುವಂತಿಲ್ಲ ಎಂಬುದು ಆಕೆಯ ನಂಬಿಕೆ. ಹಾಗಾಗಿ ಯಾರೂ ಚೆಂಡನ್ನು ಸುಮ್ಮನೆ ಮುಂದಕ್ಕೆ ಒದೆಯುವಂತಿರಲಿಲ್ಲ. ಪಕ್ಕಕ್ಕೆ ಕೊಡಬೇಕು, ದಾರಿಯಿಲ್ಲದಿದ್ದರೆ ಹಿಂದಕ್ಕೆ ಕೊಡಬೇಕು, ತೀರಾ ಬೇಕೆಂದರೆ ಗೋಲ್‌ಕೀಪರಿಗೇ ಕೊಟ್ಟು ಮತ್ತೆ ಮೊದಲಿನಿಂದ ಕಟ್ಟಿಕೊಂಡು ಬರಬೇಕು.

ಮಾರುಕಟ್ಟೆಯವರಿಗೆ ಇದು ಹಿಡಿಸಲಿಲ್ಲ. ಬೆಳಗ್ಗೆಯಿಂದ ಬೇಗ ಬೇಗ ಎಂದು ಬದುಕುವವರು ಅವರು. ಚೆಂಡು ಹಿಂದಕ್ಕೆ ಹೋದರೆ ಕೊಟ್ಟ ಮಾಲು ವಾಪಸು ಬಂದಷ್ಟು ಸಂಕಟವಾಗುತ್ತಿತ್ತು ಅವರಿಗೆ. ಗೋಲ್‌ಕೀಪರಿಗೆ ಆಗಿನ್ನೂ ಹತ್ತೊಂಬತ್ತು ದಾಟಿರಲಿಲ್ಲ, ಹಗಲು ಔಷಧಿ ಅಂಗಡಿಯಲ್ಲಿ ಕೆಲಸ. ಅವಳ ಕಾಲಿಗೆ ಚೆಂಡು ಬಂದ ಕೂಡಲೇ ಭಾವ ಕಂಬಿ ಹಿಡಿದು "ಹೊಡಿ ಮುಂದಕ್ಕೆ!" ಎನ್ನುತ್ತಿದ್ದರು. ಇಡೀ ಮೆಟ್ಟಿಲು ಹೊಡಿ ಹೊಡಿ ಎಂದು ಕುದಿಯುತ್ತಿತ್ತು. ಹುಡುಗಿ ಗಾಬರಿಯಾಗಿ ಒದೆಯುತ್ತಿದ್ದಳು. ನಮ್ಮ ಮುಂದಿನ ಸಾಲಿನ ಹುಡುಗಿಯರು ಕುಳ್ಳಿಯರು, ಎತ್ತರದಲ್ಲಿ ಬಂದ ಚೆಂಡು ಅವರಿಗೆ ದಕ್ಕುತ್ತಿರಲಿಲ್ಲ. ಎದುರಾಳಿ ಅದನ್ನು ಎತ್ತಿಕೊಂಡು ಬಂದು ಗೋಲು ಹೊಡೆದರೆ ಬೈಗುಳ ಕೋಚಿಗೆ. ಕಾಲಲ್ಲಿ ಚೆಂಡಿಟ್ಟುಕೊಂಡು ಯೋಚನೆ ಮಾಡುವುದಕ್ಕೆ ಇದೇನು ಚದುರಂಗವೇ ಎಂದು ಭಾವ ಮಾರನೆಯ ದಿನ ಹರಾಜಿನ ನಡುವೆಯೂ ಕೇಳುತ್ತಿದ್ದರು.

ಮೊದಲು ಭಾವನ ದನಿ ಒಡೆಯಿತು. ಧೂಳು ಎಂದರು, ತಂಪು ಎಂದರು, ಬಿಸಿನೀರು ಕುಡಿದರು. ದನಿ ಇಳಿಯುತ್ತಲೇ ಹೋಯಿತು. ಅಕ್ಕ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ರಜೆ ಸಿಗುವುದು ಕಷ್ಟ. ಅವಳೇ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಂಟಲಿನ ಕ್ಯಾನ್ಸರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ತೆಗೆದರೆ ಜೀವ ಉಳಿಯಬಹುದು, ತೆಗೆಯದಿದ್ದರೆ ಉಳಿಯುವುದಿಲ್ಲ. ಭಾವ ಆ ದಿನ ಕೇಳಿದ್ದು ಒಂದೇ ಮಾತು.

"ಪಿಸುಮಾತಾದ್ರೂ ಬರುತ್ತಾ?"

ಬರುವುದಿಲ್ಲ ಎಂದು ಡಾಕ್ಟರು ತಲೆಯಾಡಿಸಿದರು. ಇನ್ನು ಮುಂದೆ ಉಸಿರು ಓಡಾಡುವುದು ಮೂಗು ಬಾಯಿಂದಲ್ಲ, ಕತ್ತಿನ ಬುಡದಲ್ಲಿ ಮಾಡುವ ರಂಧ್ರದಿಂದ ಎಂದು ಚಿತ್ರ ಬರೆದು ತೋರಿಸಿದರು. ಅಕ್ಕ ಆ ಚಿತ್ರ ನೋಡಲಿಲ್ಲ, ಕಿಟಕಿ ನೋಡುತ್ತಿದ್ದಳು.

ಶಸ್ತ್ರಚಿಕಿತ್ಸೆಯಾಯಿತು. ಭಾವ ಬದುಕಿದರು. ಮಾರುಕಟ್ಟೆಯಲ್ಲಿ ಕೂಗುವ ಕೆಲಸ ಬೇರೆಯವರ ಪಾಲಾಯಿತು. ಇವರಿಗೆ ಟೊಮೆಟೊ ಆರಿಸಿ ಹಣ್ಣು, ದೋರೆ, ಕಾಯಿ ಎಂದು ಬುಟ್ಟಿಗಳಿಗೆ ಹಾಕುವ ಕೆಲಸ ಕೊಟ್ಟರು. ಕುತ್ತಿಗೆಗೆ ತೆಳುಬಟ್ಟೆ ಕಟ್ಟಿಕೊಂಡು, ಮೂಲೆಯ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂರುತ್ತಿದ್ದರು. ಹೊಸಬನ ಕೂಗು ಕೇಳಿದಾಗ ಒಂದೊಂದು ಸಲ ಅವರ ಭುಜ ಅಲುಗುತ್ತಿತ್ತು. ಮನೆಯಲ್ಲಿ ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ನಾನೇನು ಪಾರಿವಾಳವಾ ಎಂದು ಅಕ್ಕ ರೇಗುತ್ತಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದಳು.

ಮಾತು ಕಲಿಸುವ ಡಾಕ್ಟರಮ್ಮ ಒಂದು ಪುಟ್ಟ ಯಂತ್ರ ಕೊಟ್ಟಿದ್ದರು. ಗಡ್ಡ ಬೋಳಿಸುವ ಮೆಷಿನ್ನಿನಷ್ಟು ಗಾತ್ರ. ಅದನ್ನು ಕತ್ತಿಗೆ ಒತ್ತಿ ಗುಂಡಿ ಅದುಮಿ ತುಟಿಯಾಡಿಸಿದರೆ ಮಾತು ಹೊರಡುತ್ತದೆ, ಆದರೆ ಏರಿಳಿತವಿಲ್ಲದ, ಜೇನುಹುಳು ಡಬ್ಬಿಯೊಳಗೆ ಗುಂಯ್‌ಗುಟ್ಟಿದಂಥ ಮಾತು. ಭಾವ ಒಂದು ಸಲ ಅದರಲ್ಲಿ ತಮ್ಮ ಹೆಸರು ಹೇಳಿ ಕೇಳಿಸಿಕೊಂಡರು. ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟರು. ಮೈದಾನದ ಕಡೆ ತಲೆ ಹಾಕುವುದನ್ನೂ ಬಿಟ್ಟರು.

ಅಕ್ಕನಿಗೆ ಫುಟ್‌ಬಾಲ್ ಎಂದರೆ ಆಗುತ್ತಿರಲಿಲ್ಲ. ತನ್ನ ಭಾನುವಾರಗಳನ್ನೆಲ್ಲ ಅದು ನುಂಗಿತು ಎಂಬ ಸಿಟ್ಟು. ಆದರೆ ಗಂಡ ಭಾನುವಾರವೂ ಗೋಡೆ ನೋಡಿಕೊಂಡು ಕೂರುವುದನ್ನು ನೋಡಲಾರದೆ ಒಂದು ದಿನ ಅವಳೇ ಅವರ ಶರ್ಟು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಳು. ನನ್ನನ್ನೂ ಹೊರಡಿಸಿದಳು. ಕೆಳಗೆ ಧೂಳು, ಕತ್ತಿನ ರಂಧ್ರಕ್ಕೆ ಒಳ್ಳೆಯದಲ್ಲವೆಂದು ನಾವು ಮೂವರೂ ತೀರಾ ಮೇಲಿನ ಮೆಟ್ಟಿಲಿಗೆ ಹೋಗಿ ಕೂತೆವು. ಕಂಬಿಯ ಹತ್ತಿರ ಇದ್ದವರು ತಿರುಗಿ ನೋಡಿ ಕೈಬೀಸಿದರು. ಭಾವ ಕೈ ಎತ್ತಿದರು, ಅಷ್ಟೇ.

ಕೆಳಗೆ ನಿಂತವನಿಗೆ ಕಾಲುಗಳು ಕಾಣುತ್ತವೆ. ಮೇಲೆ ಕೂತವನಿಗೆ ಕಾಲುಗಳ ನಡುವಿನ ಜಾಗ ಕಾಣುತ್ತದೆ. ಭಾವ ಇಷ್ಟು ವರ್ಷ ಮೈದಾನಕ್ಕೆ ಬಂದರೂ ಅದನ್ನು ನೋಡಿರಲಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ಅವರು ಮುಂದಕ್ಕೆ ಬಾಗಿ ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದರು. ಚೆಂಡು ಕೀಪರಿಗೆ ಹೋದಾಗ ಕೆಳಗೆ ಎಂದಿನಂತೆ ಬೊಬ್ಬೆ ಎದ್ದಿತು. ಭಾವ ಬೊಬ್ಬೆಗೆ ಕಿವಿಗೊಡಲಿಲ್ಲ, ಚೆಂಡನ್ನೂ ನೋಡಲಿಲ್ಲ. ನನ್ನ ತೋಳು ಹಿಡಿದು ಮೈದಾನದ ನಡುವಿಗೆ ಬೆರಳು ತೋರಿಸಿದರು. ಚೆಂಡು ಕಿತ್ತುಕೊಳ್ಳಲು ಎದುರಾಳಿಯ ಇಬ್ಬರು ಮುಂದೆ ಓಡಿಬಂದಿದ್ದರು. ಅವರು ಬಿಟ್ಟುಬಂದ ಜಾಗ ಅವರ ಬೆನ್ನ ಹಿಂದೆ ಖಾಲಿ ಅಂಗಳದ ಹಾಗೆ ಬಿದ್ದಿತ್ತು. ಅಲ್ಲಿ ನಮ್ಮ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಳು. ಆದರೆ ಅಷ್ಟರಲ್ಲಿ ಕೀಪರು ಬೊಬ್ಬೆಗೆ ಹೆದರಿ ಚೆಂಡನ್ನು ಆಕಾಶಕ್ಕೆ ಒದ್ದಿದ್ದಳು. ಭಾವ ಹಣೆಗೆ ಕೈ ಹಚ್ಚಿದರು. ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಆಲೂಗಡ್ಡೆ ನಮ್ಮ ತಂಡವಾಯಿತು, ಈರುಳ್ಳಿ ಎದುರಾಳಿ. ಭಾವ ಆಲೂಗಡ್ಡೆಗಳನ್ನು ಹಿಂದೆ ಮುಂದೆ ಸರಿಸುತ್ತ ನನಗೂ ಅಕ್ಕನಿಗೂ ಕೈಸನ್ನೆಯಲ್ಲಿ ವಿವರಿಸಿದರು. ಹಿಂದಕ್ಕೆ ಕೊಡುವುದು ಹೆದರಿಕೆಯಿಂದಲ್ಲ. ಈರುಳ್ಳಿಯನ್ನು ಹತ್ತಿರ ಕರೆಯುವುದಕ್ಕೆ. ಅದು ಹತ್ತಿರ ಬಂದರೆ ಹಿಂದೆ ಜಾಗ ತೆರೆಯುತ್ತದೆ. ಆ ಜಾಗಕ್ಕೆ ಮೂರನೆಯ ಆಲೂಗಡ್ಡೆ ಬರಬೇಕು. ಅದು ಬರುವ ತನಕ ಕೀಪರು ಕಾಯಬೇಕು. ಕಾಯುವುದಕ್ಕೆ ಜನ ಬಿಡಬೇಕು. ಇಷ್ಟನ್ನು ಬಾಯಿಲ್ಲದೆ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಹಣೆಯಲ್ಲಿ ಬೆವರೊಡೆಯಿತು. ಅಕ್ಕ ನಡುವೆ ಎರಡು ಆಲೂಗಡ್ಡೆ ಎತ್ತಿ ಹೆಚ್ಚಿ ಪಾತ್ರೆಗೆ ಹಾಕಿದಳು. ಭಾವ ಮೇಜು ಕುಟ್ಟಿದರು.

"ನಿಮ್ಮ ಡಿಫೆನ್ಸ್ ಬೇಯ್ತಾ ಇದೆ, ಏನ್ ಮಾಡ್ಲಿ? ಊಟ ಬೇಡ್ವಾ?" ಎಂದಳು ಅಕ್ಕ.

ಭಾವ ನಕ್ಕರು. ಸದ್ದಿಲ್ಲದ ನಗೆ, ಕತ್ತಿನ ಬಟ್ಟೆ ಮಾತ್ರ ಹಾರಿ ಹಾರಿ ಕೂತಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ನಾವು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ನಡುಮೈದಾನದಲ್ಲಿ ಆಡುವವಳೊಬ್ಬಳಿದ್ದಳು. ಎರಡು ಜನರ ನಡುವಿನ ಸಂದಿಯಲ್ಲಿ ಚೆಂಡು ಪೋಣಿಸುತ್ತಿದ್ದ ಕಾರಣ ಮಾರುಕಟ್ಟೆಯವರು ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದರು. ಎದುರಾಳಿಗಳು ಬುದ್ಧಿವಂತರಾದರು, ಸೂಜಿಯ ಬೆನ್ನಿಗೆ ಒಬ್ಬಳನ್ನು ಅಂಟಿಸಿಬಿಡುತ್ತಿದ್ದರು. ಸೂಜಿಗೆ ಚೆಂಡೇ ಸಿಗದಾಯಿತು. ಅವಳು ಸೋಮಾರಿಯಾಗಿದ್ದಾಳೆ, ಮೈದಾನದಲ್ಲಿ ವಾಕಿಂಗ್ ಮಾಡುತ್ತಾಳೆ ಎಂದು ಕೆಳಗಿನವರು ಮೂಗು ಮುರಿದರು. ಭಾವ ಒಪ್ಪಲಿಲ್ಲ. ಅವಳನ್ನೇ ನೋಡು ಎಂದು ನನಗೆ ಸನ್ನೆ ಮಾಡಿದರು. ನೋಡಿದೆ. ಸೂಜಿ ಬೇಕೆಂದೇ ಪಕ್ಕದ ಗೆರೆಯ ಕಡೆ ನಡೆದುಹೋಗುತ್ತಿದ್ದಳು. ಅಂಟಿಕೊಂಡವಳೂ ಅವಳ ಹಿಂದೆ. ನಡುವೆ ಹೆದ್ದಾರಿಯ ಹಾಗೆ ದಾರಿ ತೆರೆಯುತ್ತಿತ್ತು, ಹಿಂದಿನ ಸಾಲಿನ ಎತ್ತರದ ಹುಡುಗಿ, ಅವಳಿಗೆ ದೊಡ್ಡವಳು ಎಂದೇ ಹೆಸರು, ಚೆಂಡು ತಳ್ಳಿಕೊಂಡು ಆ ದಾರಿಯಲ್ಲಿ ಆರಾಮಾಗಿ ಬರುತ್ತಿದ್ದಳು. ಚೆಂಡು ಮುಟ್ಟದೆಯೇ ಸೂಜಿ ಆಟ ಆಡಿಸುತ್ತಿದ್ದಳು. ಅದನ್ನು ನೋಡುವಾಗ ಭಾವನ ಕಣ್ಣು ತುಂಬಿತ್ತು.

ಆ ವರ್ಷದ ಕೊನೆಯ ಪಂದ್ಯ ಗೆಲ್ಲಲೇಬೇಕಿತ್ತು. ಇಲ್ಲದಿದ್ದರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಮೆಟ್ಟಿಲು ತುಂಬಿ ಗೋಡೆಯ ಮೇಲೂ ಜನ ಹತ್ತಿದ್ದರು. ಎದುರಾಳಿಗಳು ಮೊದಲ ನಿಮಿಷದಿಂದಲೇ ನಮ್ಮ ಕೀಪರಿನ ಮೇಲೆ ಏರಿಬಂದರು. ಪ್ರತಿ ಸಲವೂ ಜನ ಬೊಬ್ಬೆ ಹಾಕಿದರು, ಪ್ರತಿ ಸಲವೂ ಹುಡುಗಿ ಒದ್ದಳು, ಚೆಂಡು ಹೋಯಿತು. ಗೋಲಿಲ್ಲದೆ ಅರ್ಧ ಆಟ ಮುಗಿಯಿತು. ಕೋಚು ಜೇಬಿನಿಂದ ಕೈ ತೆಗೆದು ಮೆಟ್ಟಿಲುಗಳ ಕಡೆ ನೋಡಿದಳು. ಕೈಮುಗಿಯಲೋ ಬಯ್ಯಲೋ ಎಂದು ತೋಚದವಳ ಹಾಗಿತ್ತು.

ದ್ವಿತೀಯಾರ್ಧ ಶುರುವಾಗುವಾಗ ಭಾವ ಎದ್ದರು. ಅಕ್ಕ ಧೂಳು ಎಂದು ತಡೆಯಲು ಹೋದಳು. ಅವರು ಜನರ ನಡುವೆ ಮೆಟ್ಟಿಲಿಳಿದು ಕಂಬಿಯ ಹತ್ತಿರ, ನಮ್ಮ ಗೋಲಿನ ಕಡೆಯ ತುದಿಗೆ ಹೋದರು, ನಾನೂ ಹಿಂದೆ ಹೋದೆ. ಹಳಬರು ಸರಿದು ಜಾಗ ಬಿಟ್ಟರು, ಅವರಲ್ಲೊಬ್ಬ, ಮಾರುಕಟ್ಟೆಯ ಟೊಮೆಟೊ ಏಜೆಂಟು, ಭಾವನ ಬೆನ್ನು ತಟ್ಟಿದ. ಚೆಂಡು ಸುತ್ತಿ ಸುತ್ತಿ ಕೀಪರಿಗೆ ಬಂತು. ಸುತ್ತಲೂ ಹೊಡಿ ಎಂಬ ಕೂಗು ಎದ್ದಿತು. ಭಾವ ಜೇಬಿನಿಂದ ಆ ಯಂತ್ರ ತೆಗೆದು ಕತ್ತಿಗೆ ಒತ್ತಿದರು.

"ಸುಮ್ನಿರಿ. ಅವಳಿಗೆ ದಾರಿ ಕಾಣ್ತಾ ಇದೆ."

ಸದ್ದು ಎಲ್ಲಿಂದ ಬಂತೆಂದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನೋಡಿದರು, ಯಂತ್ರ ಹಿಡಿದ ಕೈ, ಕತ್ತಿನ ಬಟ್ಟೆ, ಆ ಮನುಷ್ಯ. ಟೊಮೆಟೊ ಏಜೆಂಟು ಬಾಗಿ, ಏನಂದೆ ಎಂದು ಕೇಳಿದ. ಭಾವ ಅದೇ ಮಾತನ್ನು ಅದೇ ಗುಂಯ್‌ಗುಟ್ಟುವ ದನಿಯಲ್ಲಿ ಇನ್ನೊಮ್ಮೆ ಹೇಳಿದರು. ಏಜೆಂಟನ ಬಾಯಿ ಕಟ್ಟಿತು. ಅವನ ಪಕ್ಕದವರದ್ದು ಕಟ್ಟಿತು. ಇಡೀ ಮೆಟ್ಟಿಲು ಮೌನವಾಯಿತು ಎಂದರೆ ಸುಳ್ಳಾಗುತ್ತದೆ. ಆಚೆ ಕೊನೆಯವರು ಕೂಗುತ್ತಲೇ ಇದ್ದರು. ಆದರೆ ಗೋಲಿನ ಹತ್ತಿರದ ನಮ್ಮ ಭಾಗ ತಣ್ಣಗಾಯಿತು.

ಕೀಪರು ಚೆಂಡಿನ ಮೇಲೆ ಕಾಲಿಟ್ಟು ನಿಂತಳು. ಇಬ್ಬರು ಅವಳತ್ತ ಓಡಿಬಂದರು. ಅವಳು ಇನ್ನೂ ನಿಂತಳು. ಸೂಜಿ ಬಲಗಡೆ ಗೆರೆಯತ್ತ ಹೊರಟಳು, ತನ್ನ ನೆರಳನ್ನೂ ಎಳೆದುಕೊಂಡು. ಆಗ ಕೀಪರು ಸಣ್ಣದಾಗಿ, ಅಂಗಳದಲ್ಲಿ ಆಡುವವಳ ಹಾಗೆ, ದೊಡ್ಡವಳಿಗೆ ತಳ್ಳಿದಳು. ದೊಡ್ಡವಳು ನಡುವಿನ ದಾರಿಯಲ್ಲಿ ಅರ್ಧ ಮೈದಾನ ನಡೆದಳು. ಎಡಗಡೆಗೆ ಕೊಟ್ಟಳು, ಅಲ್ಲಿಂದ ಒಳಕ್ಕೆ, ಮತ್ತೆ ಹಿಂದಕ್ಕೆ, ಮತ್ತೆ ಒಳಕ್ಕೆ. ಕೊನೆಯ ಹೊಡೆತ ಕಂಬಕ್ಕೆ ಬಡಿದು ಹೊರಹೋಯಿತು. ಆದರೂ ಯಾರೂ ಬಯ್ಯಲಿಲ್ಲ. ಹಾಗೇ ಇನ್ನೆರಡು ಮೂರು ಸಲ ಬಂದರು, ಒಂದರಲ್ಲಿ ಗೋಲಾಯಿತು. ಭಾವ ಕೈ ಎತ್ತಲಿಲ್ಲ, ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು.

ಕೊನೆಗೆ ಎದುರಾಳಿಗೆ ಕಾರ್ನರ್ ಒದೆತ ಸಿಕ್ಕಿತು. ಎತ್ತರದ ಹುಡುಗಿಯೊಬ್ಬಳು ತಲೆ ಕೊಟ್ಟಳು, ಚೆಂಡು ಒಳಗೆ. ಸಮ ಸಮ. ತಂಡ ಕೆಳಗಿನ ದರ್ಜೆಗೆ ಇಳಿಯಿತು.

ಜನ ಸುಮ್ಮನಿರಲಿಲ್ಲ. ಕೂಗಿ ಹುರಿದುಂಬಿಸಿದ್ದರೆ ಗೆಲ್ಲುತ್ತಿದ್ದೆವು, ಇವನಿಂದ ಸಾವಿನ ಮನೆಯಂತಾಯಿತು ಎಂದು ಕೆಲವರು ಭಾವನ ಕಿವಿಗೆ ಬೀಳುವಂತೆಯೇ ಹೇಳಿದರು. ಟೊಮೆಟೊ ಏಜೆಂಟು ಹಲವು ವಾರ ಅವರ ಜೊತೆ ಮಾತು ಬಿಟ್ಟ. ಭಾವ ಮೂಲೆಯ ಸ್ಟೂಲಿನಲ್ಲಿ ಟೊಮೆಟೊ ಆರಿಸುತ್ತ ಕೂತರು. ಯಂತ್ರದ ಅಭ್ಯಾಸವನ್ನು ಅವರು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದರೆಂದು ಅಕ್ಕ ಆಗ ಹೇಳಿದಳು. ಅವಳಿಗೆ ಹೊರಗಿನಿಂದ ಕೇಳಿಸುತ್ತಿತ್ತಂತೆ, ಗೊತ್ತಿಲ್ಲದವಳ ಹಾಗೆ ಇದ್ದಳಂತೆ.

ಅವರ ಔಷಧಿ ತರಲು ನಾನು ಹೋದಾಗ ಅಂಗಡಿಯ ಕೌಂಟರಿನಲ್ಲಿ ಆ ಕೀಪರು ಹುಡುಗಿ ಇದ್ದಳು. ಚೀಟಿ ನೋಡಿ, ಇದು ಯಾರಿಗೆ ಎಂದು ಕೇಳಿದಳು. ಹೇಳಿದೆ. ಅವಳು ಮಾತ್ರೆಗಳನ್ನು ಎಣಿಸುವುದನ್ನು ನಿಲ್ಲಿಸಿದಳು. ಕೊನೆಯ ಪಂದ್ಯದ ದಿನ ಭಾವ ಕಂಬಿಯ ಹತ್ತಿರ ಅಂದದ್ದೇನೂ ಅವಳಿಗೆ ಕೇಳಿಸಿರಲಿಲ್ಲವಂತೆ.

"ನಂಗೆ ಕೇಳ್ಸಿದ್ದು ದೊಡ್ಡವಳು. 'ಟೈಮ್ ಇದೆ, ಟೈಮ್ ಇದೆ' ಅಂತ ಅವಳು ಯಾವಾಗ್ಲೂ ಹೇಳ್ತಾಳಂತೆ. ಮೂರು ವರ್ಷದಲ್ಲಿ ನಮ್ಮ ಮೈದಾನದಲ್ಲಿ ನಂಗೆ ಅವಳ ದನಿ ಕೇಳ್ಸಿದ್ದು ಅವತ್ತೇ ಮೊದಲು."

ಇದನ್ನು ಭಾವನಿಗೆ ಹೇಳಿದೆ. ಹಿಂದಿನಿಂದ ಯಾರು ಬರುತ್ತಿದ್ದಾರೆ, ಎಷ್ಟು ಹೊತ್ತಿದೆ ಎಂದು ಆಟಗಾರ್ತಿಯರು ಒಬ್ಬರಿಗೊಬ್ಬರು ಕೂಗಿ ತಿಳಿಸುತ್ತಾರೆ, ಚೆಂಡು ಕಾಲಲ್ಲಿಟ್ಟು ಆಡುವ ತಂಡಕ್ಕೆ ಅದಿಲ್ಲದೆ ಆಗುವುದೇ ಇಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ಅದನ್ನು ಮುಳುಗಿಸುತ್ತಿದ್ದ ದನಿ ಯಾರದೆಂದು ನಾನು ಹೇಳಬೇಕಾಗಿರಲಿಲ್ಲ. ಭಾವ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟರು. ಅಕ್ಕ ಅವರ ಪಕ್ಕ ಕೂತು ಒಂದು ಅಂಗೈಯ ಮೇಲೆ ತನ್ನ ಕೈಯಿಟ್ಟಳು.

ಕೆಳದರ್ಜೆಯ ಪಂದ್ಯಗಳು ದೂರದೂರದ ಊರುಗಳಲ್ಲಿ, ಹಗ್ಗ ಕಟ್ಟಿದ ಬಯಲುಗಳಲ್ಲಿ ನಡೆಯುತ್ತಿದ್ದವು. ನನ್ನ ವ್ಯಾನಿನಲ್ಲಿ ನಾವು ಮೂವರೂ ಹೋಗುತ್ತಿದ್ದೆವು. ಮೆಟ್ಟಿಲಿಲ್ಲದ ಕಡೆ ಭಾವ ವ್ಯಾನಿನ ನೆತ್ತಿಯ ಮೇಲೆ ಹತ್ತಿ ಕೂರುತ್ತಿದ್ದರು. ಕೋಚು ತನ್ನ ರೀತಿ ಬದಲಿಸಲಿಲ್ಲ. ಗೆದ್ದದ್ದು ಹೆಚ್ಚು, ಸೋತದ್ದೂ ಕಡಿಮೆಯೇನಲ್ಲ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಗಂಡಹೆಂಡಿರ ಜಗಳ. ಎಡಬದಿಯ ಹುಡುಗಿ ಗೆರೆಗೆ ಅಂಟಿಕೊಂಡೇ ಇರಬೇಕು, ಆಗಲೇ ಮೈದಾನ ಅಗಲವಾಗುತ್ತದೆ ಎಂದು ಭಾವನ ವಾದ. ಎಲ್ಲರೂ ಕಾಲಿಗೇ ಚೆಂಡು ಕೇಳುತ್ತಾರೆ, ಎದುರಾಳಿಯ ಬೆನ್ನ ಹಿಂದೆ ಓಡುವವರೇ ಇಲ್ಲ, ಅದಕ್ಕೇ ಗೋಲು ಕಡಿಮೆ ಎಂದು ಅಕ್ಕನ ವಾದ. ಒಬ್ಬರದು ಗುಂಯ್ ಎನ್ನುವ ಯಂತ್ರ, ಇನ್ನೊಬ್ಬಳದು ಹೊಲಿಗೆ ಕಾರ್ಖಾನೆಯ ಗದ್ದಲದಲ್ಲಿ ಪಳಗಿದ ಗಂಟಲು. ಯಾರೂ ಸೋಲುತ್ತಿರಲಿಲ್ಲ.

ಹಾಗೆ ಎರಡು ವರ್ಷ ಕಳೆಯಿತು. ಆಮೇಲೆ ರೋಗ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಚಿತ್ರ ಬರೆಯಲಿಲ್ಲ. ಭಾವ ಆಸ್ಪತ್ರೆಯ ಮಂಚದಲ್ಲಿ ಕೂತೇ ನಿದ್ದೆ ಮಾಡುತ್ತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೊನೆಕೊನೆಗೆ ಯಂತ್ರ ಎತ್ತಲೂ ಕೈಯಲ್ಲಿ ಬಲವಿರಲಿಲ್ಲ. ಅಕ್ಕ ಅದನ್ನು ಅವರ ಕತ್ತಿಗೆ ಒತ್ತಿ ಹಿಡಿಯುತ್ತಿದ್ದಳು. ಒಂದು ಮಧ್ಯಾಹ್ನ ಅವರ ತುಟಿ ಅಲುಗುವುದು ಕಂಡು ಹಾಗೇ ಹಿಡಿದಳು.

"ನೀನು ಹೇಳಿದ್ರಲ್ಲಿ ಸ್ವಲ್ಪ ಸರಿ ಇದೆ," ಎಂದರು.

"ಯಾವುದ್ರಲ್ಲಿ?" ಎಂದಳು ಅಕ್ಕ.

ಅವರಿಗೆ ಆಗಲೇ ನಿದ್ದೆ ಹತ್ತಿತ್ತು. ಎರಡು ದಿನದ ನಂತರ ತೀರಿಕೊಂಡರು. ಮಾರುಕಟ್ಟೆ ಅರ್ಧ ದಿನ ಮುಚ್ಚಿತು. ಟೊಮೆಟೊ ಏಜೆಂಟು ಹೆಗಲು ಕೊಟ್ಟ, ದಾರಿಯುದ್ದಕ್ಕೂ ಅಳುತ್ತಿದ್ದ. ಸೂಜಿ, ದೊಡ್ಡವಳು, ಕೀಪರು ಬಂದು ಅಕ್ಕನ ಎದುರು ನಿಂತಿದ್ದರು. ಅಭ್ಯಾಸಕ್ಕೆ ಹೊತ್ತಾಯಿತು, ಹೊರಡಿ ಎಂದು ಅಕ್ಕನೇ ಅವರನ್ನು ಕಳಿಸಿದಳು.

ಅವಳು ಈಗಲೂ ಮೈದಾನಕ್ಕೆ ಬರುತ್ತಾಳೆ. ನಾನು ಮೇಲಿನ ಮೆಟ್ಟಿಲಿನ ಕಡೆ ಹೊರಟರೆ ತೋಳು ಹಿಡಿದು ಗೋಲಿನ ಹಿಂದಿನ ಬೆಂಚಿಗೆ ಕರೆದೊಯ್ಯುತ್ತಾಳೆ. ಅಲ್ಲಿಂದ ಯಾರು ಯಾವಾಗ ಓಡಲು ಶುರು ಮಾಡುತ್ತಾರೆ ಎಂಬುದು ಚೆನ್ನಾಗಿ ಕಾಣುತ್ತದಂತೆ. ಈ ವರ್ಷ ಹೊಸದಾಗಿ ಬಂದ ಮುಂದಿನ ಸಾಲಿನ ಹುಡುಗಿಯೊಬ್ಬಳು ಚೆಂಡು ಸೂಜಿಯ ಕಾಲಿಗೆ ಬರುವ ಮೊದಲೇ ಎದುರಾಳಿಯ ಬೆನ್ನ ಹಿಂದಕ್ಕೆ ಓಡಿಬಿಡುತ್ತಾಳೆ. ಹತ್ತರಲ್ಲಿ ಎಂಟು ಸಲ ಆ ಓಟ ವ್ಯರ್ಥ. ಜನ ಗೊಣಗುತ್ತಾರೆ. ಅಕ್ಕ ಗೊಣಗುವುದಿಲ್ಲ, ಬೆಂಚಿನ ತುದಿಗೆ ಸರಿದು ಕೂತು ಆ ಹುಡುಗಿಯ ಮುಂದಿನ ಓಟವನ್ನು ಕಾಯುತ್ತಾಳೆ.